ರೋಶ್ ಹಶಾನಾ ಊಟಕ್ಕೆ ನಮ್ಮ ಕಡೆಯ ಮೀನಿನ ಅಡುಗೆ: ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ?

ಪ್ರಶ್ನೆ: ನೆತನ್ಯಾದಿಂದ, ಕುಂದಾಪುರದವಳು

ಎಲ್ಲರಿಗೂ ನಮಸ್ಕಾರ. ನಾನು ಮೂರು ವರ್ಷಗಳಿಂದ ಇಸ್ರೇಲಿನ ನೆತನ್ಯಾದಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಅಜ್ಜಿ ಹುಟ್ಟಿದ್ದು ಲಿಬಿಯಾದ ಟ್ರಿಪೋಲಿಯಲ್ಲಿ. ಪ್ರತಿ ವರ್ಷ ರೋಶ್ ಹಶಾನಾ, ಎಂದರೆ ಯಹೂದಿಗಳ ಹೊಸ ವರ್ಷದ ರಾತ್ರಿ, ಬೆಳ್ಳುಳ್ಳಿ ಮತ್ತು ಕೆಂಪು ಮೆಣಸಿನ ರಸದಲ್ಲಿ ಬೇಯಿಸಿದ ‘ಖ್ರೈಮೆ’ ಎಂಬ ಮೀನನ್ನು ಅವರೇ ಮಾಡುತ್ತಿದ್ದರು. ಈಗ ಅವರ ಕೈ ನಡುಗುತ್ತದೆ. ಈ ಸಲ ಮೀನಿನ ಅಡುಗೆಯನ್ನು ನಾನೇ ಮಾಡಬೇಕೆಂದು ಹೇಳಿದ್ದಾರೆ. ಹನ್ನೆರಡು ಮಂದಿ ಊಟಕ್ಕೆ ಬರುತ್ತಾರೆ.

ಖ್ರೈಮೆಯ ಜೊತೆಗೆ ನಮ್ಮ ಕಡೆಯ ಎರಡು ಅಡುಗೆಗಳನ್ನೂ ಮಾಡಬೇಕೆಂಬ ಆಸೆ ನನಗಿದೆ. ಒಂದು ಅಂಜಲ್ ಮೀನಿನ ಘೀ ರೋಸ್ಟ್, ಇನ್ನೊಂದು ಸಿಗಡಿ ಸುಕ್ಕ. ಅಜ್ಜಿಯ ಕಿರಿಯ ಮಗ ಟೆಲ್ ಅವೀವಿನ ಹೋಟೆಲುಗಳಲ್ಲಿ ಸಿಗಡಿ ತಿನ್ನುವವರು. ಅವರು ‘ಧಾರಾಳವಾಗಿ ಮಾಡು’ ಎಂದಿದ್ದಾರೆ. ಊರಿನಿಂದ ತಂದ ಮಣ್ಣಿನ ಮಡಕೆಯೊಂದು ನನ್ನ ಬಳಿ ಇದೆ. ರಜೆಯ ದಿನ ಗೆಳತಿಯ ಕೋಣೆಯಲ್ಲಿ ಅದರಲ್ಲೇ ಮೀನು, ಸಿಗಡಿ ಎಲ್ಲವನ್ನೂ ಬೇಯಿಸಿಕೊಳ್ಳುತ್ತೇನೆ. ಖ್ರೈಮೆಯನ್ನು ಆ ಮಡಕೆಯಲ್ಲಿ ಮಾಡಿದರೆ ರುಚಿ ಹೆಚ್ಚೀತು ಎಂದು ನನ್ನ ಎಣಿಕೆ. ಯಹೂದಿ ಆಹಾರ ನಿಯಮದಂತೆ ಈ ಮನೆಯಲ್ಲಿ ಹಾಲಿನ ಪಾತ್ರೆ ಬೇರೆ, ಮಾಂಸದ ಪಾತ್ರೆ ಬೇರೆ ಎಂಬುದು ನನಗೆ ಗೊತ್ತು. ಮೀನಿನ ವಿಷಯ ಮಾತ್ರ ಸ್ಪಷ್ಟವಾಗಿಲ್ಲ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಹೈಫಾದಿಂದ, ಮೂಡಬಿದಿರೆಯವರು

ಮಗನೇ ಒಪ್ಪಿದ್ದರೆ ಅಷ್ಟು ಯೋಚಿಸಬೇಕಾಗಿಲ್ಲ. ನಾನು ಕೆಲಸ ಮಾಡುವ ಮನೆಯವರು ಯಾವ ನಿಯಮವನ್ನೂ ಪಾಲಿಸುವುದಿಲ್ಲ. ಫ್ರಿಜ್ಜಿನಲ್ಲಿ ಸಿಗಡಿ ಯಾವಾಗಲೂ ಇರುತ್ತದೆ. ಸಿಗಡಿಯನ್ನು ಬೇರೆ ಬಾಣಲೆಯಲ್ಲಿ ಮಾಡಿ, ಮಗನಿಗೆ ಮಾತ್ರ ಬಡಿಸಿದರೆ ಸಾಕು ಎಂದು ನನ್ನ ಅಭಿಪ್ರಾಯ.

ಉತ್ತರ: ಬ್ನೇ ಬ್ರಾಕ್‌ನಿಂದ, ಹನ್ನೊಂದು ವರ್ಷಗಳಿಂದ ಇಲ್ಲಿರುವವಳು

ಮೇಲಿನ ಸಲಹೆಯನ್ನು ದಯವಿಟ್ಟು ಪಾಲಿಸಬೇಡಿ. ಅಡುಗೆಮನೆ ಮಗನದ್ದಲ್ಲ, ಅಜ್ಜಿಯದ್ದು. ಹಾಲು ಮತ್ತು ಮಾಂಸಕ್ಕೆ ಬೇರೆ ಬೇರೆ ಪಾತ್ರೆ ಇಟ್ಟುಕೊಂಡಿರುವ ಮನೆಯಲ್ಲಿ ಸಿಗಡಿ ಬೆಂದರೆ ಆ ಒಲೆ, ಬಾಣಲೆ, ಸೌಟು ಎಲ್ಲವೂ ಅವರ ಪಾಲಿಗೆ ಕೆಟ್ಟಂತೆಯೇ. ನಾನು ಅತ್ಯಂತ ಕಟ್ಟುನಿಟ್ಟಿನ ಮನೆಯಲ್ಲಿ ಕೆಲಸ ಮಾಡುತ್ತಿರುವುದರಿಂದ ನನ್ನ ಮಾತು ಸ್ವಲ್ಪ ಬಿಗಿಯಾಗಿ ಕೇಳಿಸಬಹುದು. ಆದರೂ ನಿಮ್ಮ ಅಜ್ಜಿಯ ಮನೆಗೆ ಇದು ಸರಿಹೊಂದೀತು ಎಂದುಕೊಂಡಿದ್ದೇನೆ.

ಯಾವ ಜಲಚರವನ್ನು ತಿನ್ನಬಹುದು ಎಂಬ ನಿಯಮ ಬೈಬಲಿನ ಯಾಜಕಕಾಂಡದ 11ನೇ ಅಧ್ಯಾಯದಲ್ಲಿದೆ: ಈಜುರೆಕ್ಕೆ ಮತ್ತು ಹುರುಪೆ ಎರಡೂ ಇರಬೇಕು. ಹೀಗಾಗಿ ಸಿಗಡಿ, ಏಡಿ, ಮರುವಾಯಿ (ಚಿಪ್ಪುಮೀನು), ಬೊಂಡಾಸ್ (ಸ್ಕ್ವಿಡ್) ಯಾವುದೂ ಆಗುವುದಿಲ್ಲ. ತಾಟೆಯೂ (ಶಾರ್ಕ್) ಆಗದು, ಏಕೆಂದರೆ ಚರ್ಮ ಹರಿಯದಂತೆ ಕೀಳಬಹುದಾದ ಹುರುಪೆಯೇ ಲೆಕ್ಕಕ್ಕೆ ಬರುತ್ತದೆ. ಬಂಗುಡೆ, ಅಂಜಲ್, ಮಾಂಜಿಗಳ ಹುರುಪೆ ಬಹಳ ಸಣ್ಣದು, ಬೇಗ ಉದುರುವಂಥದ್ದು. ಆದರೆ ನೀರಿನಿಂದ ಮೇಲೆ ಬರುವಾಗ ಹುರುಪೆ ಉದುರಿಸಿಕೊಳ್ಳುವ ಮೀನನ್ನೂ ತಿನ್ನಬಹುದೆಂದು ಯಹೂದಿಗಳ ಧರ್ಮಶಾಸ್ತ್ರ ಗ್ರಂಥವಾದ ತಾಲ್ಮುದ್ ಹೇಳಿರುವುದರಿಂದ ಅವುಗಳಿಗೆ ಅಡ್ಡಿಯಿಲ್ಲ. ಕೋಳಿ, ಕುರಿಗಳಂತೆ ಮೀನನ್ನು ವಿಧಿವತ್ತಾಗಿ ಕೊಯ್ಯಬೇಕಾಗಿಯೂ ಇಲ್ಲ, ರಕ್ತ ಹೋಗಲೆಂದು ಉಪ್ಪು ಹಚ್ಚಿಡಬೇಕಾಗಿಯೂ ಇಲ್ಲ. ಚರ್ಮ ಸುಲಿದ ತುಂಡುಗಳನ್ನು ಎಲ್ಲೆಂದರಲ್ಲಿ ಕೊಳ್ಳಬೇಡಿ. ಅಜ್ಜಿಗೆ ಪರಿಚಯವಿರುವ ಅಂಗಡಿಯಿಂದ ತಲೆಸಹಿತ ಇಡೀ ಮೀನನ್ನು ತನ್ನಿ. ತಲೆ ಹೇಗೂ ಬೇಕೇ ಬೇಕು. ‘ನಾವು ತಲೆಯಾಗಲಿ, ಬಾಲವಾಗದಿರಲಿ’ ಎಂದು ಪ್ರಾರ್ಥಿಸಿ ಆ ರಾತ್ರಿ ಹಲವರು ಮೀನಿನ ಅಥವಾ ಕುರಿಯ ತಲೆಯನ್ನು ಮೇಜಿನ ಮೇಲಿಡುತ್ತಾರೆ. (ಹೀಬ್ರೂವಿನಲ್ಲಿ ಮೀನಿಗೆ ‘ದಾಗ್’, ಚಿಂತೆಗೆ ‘ದೆಆಗಾ’ ಎನ್ನುತ್ತಾರೆ, ಈ ಎರಡರ ಧ್ವನಿ ಹತ್ತಿರವೆಂದು ಆ ದಿನ ಮೀನನ್ನೇ ಮುಟ್ಟದ ಮನೆಗಳೂ ಇವೆ. ನಿಮ್ಮದು ಅಂಥ ಮನೆಯಲ್ಲ ಎಂಬುದು ಖ್ರೈಮೆಯಿಂದಲೇ ತಿಳಿಯುತ್ತದೆ.)

ಘೀ ರೋಸ್ಟ್ ಅನ್ನೂ ಬಿಡಬೇಕಾಗುತ್ತದೆ. ಮೀನು ಸ್ವತಃ ಹಾಲಿನದ್ದೂ ಅಲ್ಲ, ಮಾಂಸದ್ದೂ ಅಲ್ಲ; ಅಂಥದ್ದನ್ನು ‘ಪಾರ್ವೆ’ ಎನ್ನುತ್ತಾರೆ. ಆದರೆ ನಿಮ್ಮ ಮಸಾಲೆಯಲ್ಲಿ ತುಪ್ಪವೂ ಮೊಸರೂ ಇರುತ್ತವೆ, ಮೀನಿನ ನಂತರ ಅದೇ ಮೇಜಿಗೆ ಮಾಂಸ ಬರುತ್ತದೆ; ಹಾಲು, ಮಾಂಸ ಒಂದೇ ಊಟದಲ್ಲಿ ಸೇರುವಂತಿಲ್ಲ. ಅದೂ ಅಲ್ಲದೆ ಉತ್ತರ ಆಫ್ರಿಕಾ ಮತ್ತು ಅರಬ್ ನಾಡುಗಳಿಂದ ಬಂದ ಅನೇಕ ಕುಟುಂಬಗಳು ಮೀನಿನೊಂದಿಗೆ ಹಾಲಿನ ಪದಾರ್ಥವನ್ನು ಸೇರಿಸುವುದೇ ಇಲ್ಲ. ಮೀನನ್ನೂ ಮಾಂಸವನ್ನೂ ಒಟ್ಟಿಗೆ ಬೇಯಿಸುವುದಿಲ್ಲ, ಒಂದೇ ತಟ್ಟೆಯಲ್ಲಿ ಬಡಿಸುವುದಿಲ್ಲ; ಮೀನಾದ ಮೇಲೆ ತಟ್ಟೆ, ಫೋರ್ಕ್ ಬದಲಿಸಿ, ನಡುವೆ ಏನಾದರೂ ಕುಡಿದು ಮುಂದುವರಿಯುತ್ತಾರೆ.

ಮಡಕೆಯ ವಿಷಯದಲ್ಲಿ ನಿಮಗೆ ಬೇಸರವಾಗಬಹುದು. ಸಿಗಡಿ ಬೆಂದ ಉಕ್ಕಿನ ಪಾತ್ರೆಯಾಗಿದ್ದರೆ ಕುದಿಯುವ ನೀರಿನಲ್ಲಿ ಮುಳುಗಿಸಿ ಶುದ್ಧಿ ಮಾಡುವ ಕ್ರಮವಿದೆ. ಮಣ್ಣು ಹೀರಿಕೊಂಡದ್ದನ್ನು ಬಿಟ್ಟುಕೊಡುವುದಿಲ್ಲವೆಂದು ಮಣ್ಣಿನ ಪಾತ್ರೆಗೆ ಆ ಕ್ರಮವಿಲ್ಲ. ಅಶುದ್ಧವಾದ ಮಣ್ಣಿನ ಪಾತ್ರೆಯನ್ನು ಒಡೆಯಬೇಕೆಂಬ ಮಾತು ಆ 11ನೇ ಅಧ್ಯಾಯದಲ್ಲೇ ಇದೆ. ನೀವೇನೂ ಒಡೆಯಬೇಕಾಗಿಲ್ಲ, ಗೆಳತಿಯ ಕೋಣೆಯಲ್ಲೇ ಇಡಿ. ಖ್ರೈಮೆಗೆ ಅಜ್ಜಿಯ ಅಗಲವಾದ, ತಳ ದಪ್ಪದ ಪಾತ್ರೆಯೇ ಸರಿ: ಎಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಕೆಂಪು ಮೆಣಸಿನ ಪುಡಿ, ಜೀರಿಗೆ, ಜೀರಿಗೆಯಂತೆಯೇ ಕಾಣುವ ‘ಕೀಮೆಲ್’ (ಕ್ಯಾರವೇ) ಇವನ್ನು ಸಣ್ಣ ಉರಿಯಲ್ಲಿ ಸೀಯದಂತೆ ಬಾಡಿಸಿ, ಟೊಮೆಟೊ ಪೇಸ್ಟ್ ಮತ್ತು ನೀರು ಸೇರಿಸಿ ಕುದಿಸಿ, ರಸ ಗಟ್ಟಿಯಾದ ಮೇಲೆ ಮೀನಿನ ತುಂಡುಗಳನ್ನು ಒಂದೇ ಪದರವಾಗಿ ಜೋಡಿಸಿ. ಆಮೇಲೆ ಸೌಟು ಹಾಕಬೇಡಿ, ಪಾತ್ರೆಯನ್ನೇ ಹಿಡಿದು ಅಲ್ಲಾಡಿಸಿ.

ದಿನವನ್ನೂ ಗಮನಿಸಬೇಕು. 2026ರಲ್ಲಿ ಹಬ್ಬ ಆರಂಭವಾಗುವುದು ಸೆಪ್ಟೆಂಬರ್ 11ರ ಶುಕ್ರವಾರ ಸಂಜೆ. ಶಬ್ಬತ್, ಎಂದರೆ ಶನಿವಾರದ ವಿಶ್ರಾಂತಿಯ ದಿನ, ಅಲ್ಲದಿದ್ದರೆ ಹಬ್ಬದ ದಿನ ಮೊದಲೇ ಹೊತ್ತಿರುವ ಉರಿಯಲ್ಲಿ ಅಡುಗೆ ಮಾಡಬಹುದು, ಆದರೆ ಈ ಸಲ ಮೊದಲ ದಿನವೇ ಶಬ್ಬತ್ ಆದ್ದರಿಂದ ಅದೂ ಇಲ್ಲ. ಸೂರ್ಯ ಮುಳುಗುವ ಮೊದಲೇ ಎಲ್ಲವನ್ನೂ ಬೇಯಿಸಿ, ಬಿಸಿಯಾಗಿರಲೆಂದು ವಿದ್ಯುತ್ ‘ಪ್ಲಾಟಾ’ದ ಮೇಲೆ ಇಟ್ಟಿರಬೇಕು. ನಾನು ಯಹೂದಿಯಲ್ಲ, ನಾನು ಒಲೆ ಹಚ್ಚಿದರೆ ತಪ್ಪಿಲ್ಲ ಎಂದುಕೊಳ್ಳಬೇಡಿ. ತಮಗಾಗಿ ಬೇರೆಯವರಿಂದ ಅಂದು ಬೇಯಿಸಿಕೊಂಡದ್ದನ್ನೂ ಅವರು ತಿನ್ನುವುದಿಲ್ಲ.

ಇನ್ನೊಂದು ಸಂಗತಿಯನ್ನು ಮೊದಲ ವರ್ಷ ನನಗೆ ಯಾರೂ ಹೇಳಿರಲಿಲ್ಲ. ನಾನು ಮಾಡಿದ ಮೀನು ಹಾಗೆಯೇ ಉಳಿದಾಗ ತಿಳಿಯಿತು. ಯಹೂದಿಯಲ್ಲದವರೇ ಪೂರ್ತಿಯಾಗಿ ಬೇಯಿಸಿದ ಇಂಥ ಅಡುಗೆಯನ್ನು ನಿಷ್ಠೆಯುಳ್ಳವರು ತಿನ್ನುವುದಿಲ್ಲ. ಯುರೋಪಿನ ಮೂಲದವರಿಗೆ ಮನೆಯವರೊಬ್ಬರು ಒಲೆ ಹೊತ್ತಿಸಿದರೆ ಸಾಕು. ನಿಮ್ಮ ಅಜ್ಜಿಯಂಥ ಸೆಫಾರ್ದಿ (ಉತ್ತರ ಆಫ್ರಿಕಾ, ಅರಬ್ ನಾಡುಗಳ ಯಹೂದಿಗಳ) ಸಂಪ್ರದಾಯದವರಲ್ಲಿ ಪಾತ್ರೆಯನ್ನು ಉರಿಯ ಮೇಲೆ ಇಡುವ ಕೈ ಅವರದ್ದೇ ಆಗಿರಬೇಕು.

ಉತ್ತರ: ಠಾಣೆಯಿಂದ, ಕಾರವಾರ ಮೂಲದವರು

ಬ್ನೇ ಬ್ರಾಕ್‌ನವರು ಎಲ್ಲವನ್ನೂ ಹೇಳಿದ್ದಾರೆ. ತೆಂಗಿನಕಾಯಿಯ ಬಗ್ಗೆ ಮಾತ್ರ ಒಂದೆರಡು ಮಾತು ಸೇರಿಸುತ್ತೇನೆ. ನಮ್ಮ ನೆರೆಮನೆಯವರು ಬೆನೆ ಇಸ್ರೇಲ್ ಸಮುದಾಯದವರಾಗಿದ್ದರು. ಕೊಂಕಣದ ಹಳ್ಳಿಗಳಲ್ಲಿ ಎಣ್ಣೆ ಗಾಣ ನಡೆಸುತ್ತ, ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ ‘ಶನಿವಾರ ತೇಲಿ’ ಎಂದು ಕರೆಸಿಕೊಂಡ ಯಹೂದಿಗಳು ಇವರು. ಅವರ ಮನೆಯ ಮೀನಿನ ಸಾರಿಗೂ ನಮ್ಮ ಮನೆಯದಕ್ಕೂ ಹೆಚ್ಚಿನ ವ್ಯತ್ಯಾಸ ಇರಲಿಲ್ಲ: ಸುರಮಯಿ, ಎಂದರೆ ನಿಮ್ಮ ಅಂಜಲ್, ಅದಕ್ಕೆ ತೆಂಗಿನಹಾಲು, ಕೊತ್ತಂಬರಿ, ಹಸಿಮೆಣಸು. ತೆಂಗಿನಹಾಲು ಹಾಲಲ್ಲವಾದ್ದರಿಂದ ಮಾಂಸದ ಊಟದಲ್ಲೂ ಅದು ನಡೆಯುತ್ತದೆ. ಹೊಸ ವರ್ಷಕ್ಕೆಂದು ಅವರು ಗೋಧಿಯ ಹಾಲನ್ನೂ ತೆಂಗಿನಹಾಲನ್ನೂ ಕೂಡಿಸಿ ಹಲ್ವ ಮಾಡುತ್ತಿದ್ದರು. ನೀವು ಘೀ ರೋಸ್ಟ್ ಬದಲು ತೆಂಗಿನೆಣ್ಣೆಯಲ್ಲಿ ಅಂಜಲ್ ಹುರಿಯಬಹುದು. ಆದರೆ ಹುಳಿಯ ಬಗ್ಗೆ ಅಜ್ಜಿಯನ್ನು ಮೊದಲು ಕೇಳಿ. ವರ್ಷವಿಡೀ ಸಿಹಿಯಾಗಿರಲೆಂದು ಆ ಎರಡು ದಿನ ಹುಳಿ, ಕಹಿಯನ್ನು ಬಿಡುವ ಮನೆಗಳು ಬಹಳ ಇವೆ.

ಪ್ರಶ್ನೆ ಕೇಳಿದವಳು

ಎಲ್ಲರಿಗೂ ಧನ್ಯವಾದಗಳು. ನಿನ್ನೆ ಸಂಜೆ ಅಜ್ಜಿಯ ಬಳಿ ಕುಳಿತು ಎಲ್ಲವನ್ನೂ ಕೇಳಿದೆ. ಹುಣಸೆಹಣ್ಣು ಬೇಡವೆಂದರು, ನಿಂಬೆಯನ್ನು ಮೇಜಿಗೂ ತರಬೇಡ ಎಂದರು, ತೆಂಗಿನೆಣ್ಣೆಯ ವಾಸನೆ ನೋಡಿ ‘ಸ್ವಲ್ಪವೇ ಮಾಡು’ ಎಂದರು. ಸಿಗಡಿಯ ಮಾತನ್ನು ನಾನು ಎತ್ತಲೇ ಇಲ್ಲ. ಪಾತ್ರೆಯನ್ನು ಒಲೆಯ ಮೇಲೆ ನೀವೇ ಇಡಬೇಕಂತೆ ಎಂದಾಗ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ‘ಮೂರು ವರ್ಷಗಳಿಂದ ಶುಕ್ರವಾರದ ಸೂಪಿನ ಪಾತ್ರೆಯನ್ನು ಇಡುತ್ತಿರುವವರು ಯಾರು?’ ಎಂದು ಕೇಳಿದರು. ಆಗಲೇ ನೆನಪಾಯಿತು: ತರಕಾರಿ ಹೆಚ್ಚಿ, ನೀರು ತುಂಬಿ ನಾನು ಸಿದ್ಧ ಮಾಡಿದ ಪಾತ್ರೆಗೆ ಅವರು ಪ್ರತಿ ಸಲವೂ ನಡುಗುವ ಕೈ ಹಚ್ಚುತ್ತಿದ್ದರು. ಭಾರವಾದೀತೆಂದು ನಾನು ಬೇಡ ಬೇಡ ಎನ್ನುತ್ತಲೇ ಇದ್ದೆ. ಹನ್ನೆರಡು ಮಂದಿಗೆ ಬೇಕಾಗುವ ಖ್ರೈಮೆಯನ್ನು ಎರಡು ಸಣ್ಣ ಪಾತ್ರೆಗಳಲ್ಲಿ ಮಾಡುತ್ತೇನೆ, ಅವರಿಗೆ ಎತ್ತಲು ಆಗುವಷ್ಟೇ.