ಪ್ರಶ್ನೋತ್ತರ: ವಾಟ್ನಿಯ ಹೊಲ, ಸ್ವಂತ ಮನೆ, ಕಿರಿಯ ಮಗನ ಪಾಲನೆ

ಪ್ರಶ್ನೆ: ವಕೀಲರಿಗೆ ನಮಸ್ಕಾರ. ನಾನು ಗದಗ ಜಿಲ್ಲೆಯ ನಿವೃತ್ತ ಶಿಕ್ಷಕ, ವಯಸ್ಸು 74, ಪತ್ನಿ ತೀರಿಕೊಂಡಿದ್ದಾರೆ. ರೋಣ ತಾಲ್ಲೂಕಿನಲ್ಲಿರುವ ಆರು ಎಕರೆ ಎರೆಹೊಲವು ಅಜ್ಜನ ಕಾಲದ್ದಾಗಿದ್ದು, 1978ರಲ್ಲಿ ಅಣ್ಣತಮ್ಮಂದಿರ ವಾಟ್ನಿಯಲ್ಲಿ, ಅಂದರೆ ಆಸ್ತಿ ಹಂಚಿಕೆಯಲ್ಲಿ, ನನಗೆ ಬಂದಿದೆ. ಉತಾರದಲ್ಲಿ (ಪಹಣಿಯಲ್ಲಿ) ನನ್ನೊಬ್ಬನ ಹೆಸರಿದೆ. ಹುಬ್ಬಳ್ಳಿಯ ಮನೆಯನ್ನು ಸಂಬಳದ ಉಳಿತಾಯದಿಂದ ಕೊಂಡಿದ್ದೇನೆ. ಹಿರಿಯ ಮಗ ಮತ್ತು ಮಗಳು ನೆಮ್ಮದಿಯಾಗಿದ್ದಾರೆ. ಕಿರಿಯ ಮಗನಿಗೆ ಹುಟ್ಟಿನಿಂದ ಬೌದ್ಧಿಕ ಅಂಗವೈಕಲ್ಯವಿದೆ. ಎರಡೂ ಆಸ್ತಿಗಳನ್ನು ಹಿರಿಯ ಮಗನಿಗೆ ಮೃತ್ಯುಪತ್ರದಲ್ಲಿ ಬರೆದು, ‘ತಮ್ಮನನ್ನು ನೋಡಿಕೊಳ್ಳತಕ್ಕದ್ದು’ ಎಂದು ಸೇರಿಸಿದರೆ ಸಾಕೆ?

ಉತ್ತರ: ಗುರುಗಳೇ, ಸಾಲದು. ಉತಾರವು ಕಂದಾಯದ ದಾಖಲೆಯೇ ಹೊರತು ಒಡೆತನದ ಕೊನೆಯ ಮಾತಲ್ಲ. ನಿಮ್ಮ ಹೊಲ ಹಿರಿಯರಿಂದ ವಾಟ್ನಿಯ ಮೂಲಕ ಬಂದದ್ದರಿಂದ ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಮಗಳಿಗೂ ಮಗನಷ್ಟೇ ಪಾಲು. 1978ರ ವಾಟ್ನಿ ಈ ಹಕ್ಕಿಗೆ ಅಡ್ಡಿಯಾಗದು, ಏಕೆಂದರೆ ಅದು ನಿಮ್ಮ ಸಹೋದರರೊಂದಿಗೆ ನಡೆದದ್ದು, ಮಕ್ಕಳೊಂದಿಗಲ್ಲ. ನೀವು ಮತ್ತು ಮೂವರು ಮಕ್ಕಳೆಂದು ಲೆಕ್ಕ ಹಾಕಿದರೆ ನಿಮ್ಮ ಪಾಲು ಒಂದೂವರೆ ಎಕರೆ. ಮೃತ್ಯುಪತ್ರದಲ್ಲಿ ಬರೆಯಲು ಬರುವುದು ಅಷ್ಟೇ. ಇದೇ ಹೊಲವನ್ನು ನಿಮ್ಮ ತಂದೆಯವರು ಸ್ವಂತ ದುಡಿಮೆಯಲ್ಲಿ ಕೊಂಡು, 1956ರಲ್ಲಿ ಅದೇ ಕಾಯ್ದೆ ಬಂದ ನಂತರ ತೀರಿಕೊಂಡು, ಅದು ವಾರಸಾದಲ್ಲಿ ನಿಮಗೆ ಬಂದಿದ್ದರೆ ಮಾತೇ ಬೇರೆಯಿತ್ತು, ಆಗ ಅದು ನಿಮ್ಮ ಸ್ವಂತ ಆಸ್ತಿಯಾಗಿ, ಮಕ್ಕಳಿಗೆ ಹುಟ್ಟಿನಿಂದ ಹಕ್ಕು ಇರುತ್ತಿರಲಿಲ್ಲ. ನಮ್ಮ ಕಡೆ ಎರಡನ್ನೂ ‘ಪಿತ್ರಾರ್ಜಿತ’ ಎಂದು ಒಂದೇ ಗಂಟಿಗೆ ಕಟ್ಟುತ್ತಾರೆ, ನ್ಯಾಯಾಲಯ ಕಟ್ಟುವುದಿಲ್ಲ. ಆದ್ದರಿಂದ ವಾಟ್ನಿ ಪತ್ರವನ್ನೂ ಹಳೆಯ ಡೈರಿ ಉತಾರಗಳನ್ನೂ (ಹಕ್ಕು ಬದಲಾವಣೆಯ ದಾಖಲೆಗಳನ್ನೂ) ವಕೀಲರಿಗೆ ತೋರಿಸಿದ ನಂತರವೇ ಬರಹಕ್ಕೆ ಕೈ ಹಾಕಿರಿ.

ಮನೆ ಪೂರ್ತಿ ನಿಮ್ಮದು, ಕಿರಿಯ ಮಗನಿಗೆ ನಿಜವಾದ ಆಸರೆಯಾಗಬಲ್ಲದ್ದೂ ಅದೇ. ‘ನೋಡಿಕೊಳ್ಳತಕ್ಕದ್ದು’ ಎಂಬ ಒಂದು ಸಾಲನ್ನು ನಾಳೆ ಯಾರು, ಯಾರ ಮೇಲೆ ಜಾರಿಗೊಳಿಸಬೇಕು? ಮನೆ ಮಾರಿ ಹೋದ ಮೇಲೆ ಆ ಸಾಲಿನಿಂದ ಅವನಿಗೆ ಊಟ ಸಿಗುವುದಿಲ್ಲ. ಅದರ ಬದಲು ಮೃತ್ಯುಪತ್ರದಲ್ಲಿಯೇ ಅವನ ಹಿತಕ್ಕಾಗಿ ಒಂದು ಟ್ರಸ್ಟ್ ರಚಿಸಿ, ಹಿರಿಯ ಮಗ ಮತ್ತು ಮಗಳಿಬ್ಬರನ್ನೂ ಟ್ರಸ್ಟಿಗಳನ್ನಾಗಿಸಿ, ಬಾಡಿಗೆ ಯಾವುದಕ್ಕೆ ಖರ್ಚಾಗಬೇಕು, ಮನೆಯನ್ನು ಯಾವ ಸಂದರ್ಭದಲ್ಲಿ ಮಾತ್ರ ಮಾರಬಹುದು, ಅವನ ಕಾಲಾನಂತರ ಅದು ಯಾರಿಗೆ ಸೇರಬೇಕು ಎಂಬುದನ್ನು ಬಿಡಿಸಿ ಬರೆಸಿರಿ. ಪಾಲನೆಯ ಹೊಣೆಗಾಗಿ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಸಲ್ಲಿಸಿ, ನೀವಿರುವಾಗಲೇ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಬಹುದು.

ಮರುಪ್ರಶ್ನೆ: ಮದುವೆಯ ಹೊತ್ತಿಗೆ ಮಗಳು ‘ನನಗೆ ಹೊಲ ಬೇಡ’ ಎಂದು ಎಲ್ಲರೆದುರು ಹೇಳಿದ್ದಳು. ಅದು ನಡೆಯುವುದಿಲ್ಲವೇ? ಮೃತ್ಯುಪತ್ರವನ್ನು ನೋಂದಾಯಿಸಲೇಬೇಕೆ?

ಉತ್ತರ: ಬಾಯಿಮಾತಿನಿಂದ ಹೊಲದ ಹಕ್ಕು ಹೋಗುವುದಿಲ್ಲ, ಆಕೆ ಸ್ವಇಚ್ಛೆಯಿಂದ ಹಕ್ಕು ಬಿಡುಗಡೆ ಪತ್ರವನ್ನು ನೋಂದಾಯಿಸಿ ಕೊಡಬೇಕು. ಹಾಗೆ ಕೊಡಲು ಆಕೆಯನ್ನು ಒತ್ತಾಯಿಸಬೇಡಿರಿ ಎಂಬುದು ನನ್ನ ಸಲಹೆ, ನಾಳೆ ಟ್ರಸ್ಟ್ ನಡೆಸಬೇಕಾದವರಲ್ಲಿ ಆಕೆಯೂ ಒಬ್ಬಳು.

ಮೃತ್ಯುಪತ್ರದ ನೋಂದಣಿ ಕಡ್ಡಾಯವಲ್ಲ, ಮುದ್ರಾಂಕ ಶುಲ್ಕವೂ ಇಲ್ಲ. ಆದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸುವುದು ಒಳ್ಳೆಯದು. ಅದಕ್ಕಿಂತ ಮುಖ್ಯವಾದವರು ಸಾಕ್ಷಿಗಳು. ಕನಿಷ್ಠ ಇಬ್ಬರು ಬೇಕು, ಇಬ್ಬರೂ ನಿಮ್ಮೆದುರೇ ಸಹಿ ಮಾಡಬೇಕು. ತಕರಾರು ಬಂದರೆ ಅವರಲ್ಲಿ ಬದುಕಿರುವ ಒಬ್ಬರಾದರೂ ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯಬೇಕಾಗುತ್ತದೆ. ನಿಮ್ಮ ವಾರಿಗೆಯ ನಿವೃತ್ತ ಶಿಕ್ಷಕರನ್ನು ಬಿಟ್ಟು, ನಲವತ್ತರ ಆಸುಪಾಸಿನ, ಆಸ್ತಿಯಲ್ಲಿ ಯಾವ ಪಾಲೂ ಇಲ್ಲದ ಇಬ್ಬರನ್ನು ಆರಿಸಿಕೊಳ್ಳಿರಿ.