ಬಿಲ್ಲು ಹಿಡಿದವನು ಎಲ್ಲಿ ನಿಲ್ಲಬೇಕು?

ಮೂಲೆಬಿಲ್ಲುಗಾರ: ಟೀಮ್ ಫೋರ್ಟ್ರೆಸ್ 2 ಎಂಬ ಶೂಟಿಂಗ್ ವಿಡಿಯೊ ಗೇಮಿನಲ್ಲಿ ದೂರದಿಂದ ಗುರಿಯಿಡುವ ಸ್ನೈಪರ್ ಬಂದೂಕಿನ ಬದಲು ಹಂಟ್ಸ್‌ಮನ್ ಬಿಲ್ಲು ಹಿಡಿದು ಮುಂದೆ ಹೋದರೆ, ‘ಸ್ನೈಪರ್ ಹಿಂದೆ ನಿಲ್ಲಬೇಕು’ ಎಂದು ಸ್ವಂತ ತಂಡದವರೇ ರೇಗುತ್ತಾರೆ. ಬಂದೂಕಿನ ಗುಂಡು ಗುಂಡಿ ಒತ್ತಿದ ಕ್ಷಣವೇ ತಲುಪುತ್ತದೆ. ಬಾಣಕ್ಕೆ ಹಾರಲು ಹೊತ್ತು ಬೇಕು, ದೂರ ಹೋದಷ್ಟೂ ಕೆಳಗೆ ಬಾಗುತ್ತದೆ. ಅಷ್ಟರಲ್ಲಿ ಎದುರಾಳಿ ಎರಡು ಹೆಜ್ಜೆ ಸರಿದಿರುತ್ತಾನೆ. ಬಿಲ್ಲಿಗೆ ತಕ್ಕ ಜಾಗವೆಂದರೆ ಹತ್ತಿರದ ತಿರುವು.

ಶುಶ್ರೂಷಕ: ತಿರುವಿನಲ್ಲಿ ನಿಂತು, ಬಾಗಿಲಿನತ್ತ ತಲೆಯ ಎತ್ತರಕ್ಕೆ ಕುರುಡಾಗಿ ಬಾಣ ಬಿಡುವುದೂ ತಂತ್ರವೇ? ಆಟಗಾರರು ಈ ಬಿಲ್ಲನ್ನು ‘ಲಕ್ಸ್‌ಮನ್’ ಎಂದು ಸುಮ್ಮನೆ ಕರೆಯುವುದಿಲ್ಲ. ಲಕ್ಷ್ಮಣನೆಂದು ಹಿಗ್ಗಬೇಡಿ, ಅದು ಅದೃಷ್ಟದ ಲಕ್. ನಾನು ಜೊತೆಗಾರರ ಗಾಯ ವಾಸಿಮಾಡುವ ಮೆಡಿಕ್ ಆಡುವವನು, ನನ್ನ ಆರೋಗ್ಯ 150. ಹೆದೆಯನ್ನು ಸರಿಯಾಗಿ ಎಳೆಯದೆ ಬಿಟ್ಟ ಬಾಣ ತಲೆಗೆ ತಗುಲಿದರೂ ಹೋಗುವುದು 150!

ಮೂಲೆಬಿಲ್ಲುಗಾರ: ನೀವು ಪ್ರತಿ ಸಲವೂ ಅದೇ ಬಾಗಿಲಿನಿಂದ ಬಂದರೆ ಅದು ಅದೃಷ್ಟ ಹೇಗಾಗುತ್ತದೆ?

ಬೆಂಕಿಕಡ್ಡಿ: ಇಬ್ಬರೂ ತಂಡವನ್ನೇ ಮರೆತಿದ್ದೀರಿ. ಪೂರ್ತಿ ಎಳೆದ ಬಾಣ ಮೈಗೆ ತಗುಲಿದರೆ 120. ವೇಗವಾಗಿ ಓಡುವ ಸ್ಕೌಟ್‌ನ ಆರೋಗ್ಯ 125. ಉಳಿದ ಐದನ್ನು ಹೊತ್ತುಕೊಂಡು ಅವನು ಓಡುತ್ತಾನೆ, ಬಿಲ್ಲುಗಾರ ಹಲ್ಲು ಕಡಿಯುತ್ತಾನೆ. ಪಕ್ಕದಲ್ಲಿರುವ, ಜ್ವಾಲೆ ಉಗುಳುವ ಆಯುಧದ ಪೈರೋ ಬಾಣದ ತುದಿಗೆ ಬೆಂಕಿ ತಾಗಿಸಿದ್ದರೆ ಆ ಐದನ್ನು ಉರಿಯೇ ತಿನ್ನುತ್ತಿತ್ತು. ನಾನು ಪೈರೋ ಆಡುವಾಗ, ಬಿಲ್ಲು ಹಿಡಿದು ನಿಂತವನು ಕಂಡರೆ ಹಾದುಹೋಗುತ್ತಲೇ ಜ್ವಾಲೆ ತಾಗಿಸಿ ಹೋಗುತ್ತೇನೆ, ಅವನು ಕೇಳಬೇಕಾಗಿಲ್ಲ. ಎದುರು ಪಾಳಯದ ಪೈರೋ ಬಗ್ಗೆ ಮಾತ್ರ ಎಚ್ಚರವಿರಲಿ. ಗಾಳಿ ಊದಿ ನಿಮ್ಮ ಬಾಣವನ್ನು ನಿಮಗೇ ತಿರುಗಿಸುತ್ತಾನೆ.

ಶುಶ್ರೂಷಕ: ಇದನ್ನು ಒಪ್ಪುತ್ತೇನೆ. ಹಾಗಾದರೆ ಬಿಲ್ಲುಗಾರನ ಜಾಗವನ್ನು ನಿರ್ಧರಿಸುವುದು ತಿರುವಲ್ಲ, ಪೈರೋ.

ಹಾರುಗರಿ: ಓವರ್‌ವಾಚ್ ಎಂಬ ಇನ್ನೊಂದು ಶೂಟಿಂಗ್ ಗೇಮ್ ಆಡುವವನ ಮಾತನ್ನೂ ಕೇಳಿ. ಅದರ ಬಿಲ್ಲುಗಾರ ಹಾನ್ಜೋನ, ತಾಗಿದಲ್ಲಿ ಹಲವಾಗಿ ಚದುರುವ ಬಾಣವನ್ನು 2018ರಲ್ಲಿ ತೆಗೆದಾಗ ಗೋಳಾಡಿದವರಲ್ಲಿ ನಾನೂ ಒಬ್ಬ. ಎದುರಾಳಿಯ ಕಾಲಬುಡದ ನೆಲಕ್ಕೆ ಬಿಟ್ಟರೆ ಕೆಲಸ ಮುಗಿಯುತ್ತಿತ್ತು, ಗುರಿಯ ಗೊಡವೆಯೇ ಇರಲಿಲ್ಲ. ಅದು ಹೋದ ಮೇಲಷ್ಟೇ ಸೋನಿಕ್ ಬಾಣದ ಬೆಲೆ ತಿಳಿಯಿತು. ಗೋಡೆಯಾಚೆ ಅಡಗಿದವರು ಇಡೀ ತಂಡಕ್ಕೆ ಕಾಣುತ್ತಾರೆ. ಆ ಬಾಣದಿಂದ ನಾನು ಯಾರನ್ನೂ ಕೊಲ್ಲದಿದ್ದರೂ ಜೊತೆಗಾರರು ಕೊಲ್ಲುತ್ತಾರೆ.

ಮೂಲೆಬಿಲ್ಲುಗಾರ: ನಮಗೆ ಆ ಭಾಗ್ಯವಿಲ್ಲ. ಪೈರೋ ಬರಲೆಂದು ಹೆದೆ ಎಳೆದು ಕಾದರೆ, ಐದು ಸೆಕೆಂಡ್ ಕಳೆದ ಮೇಲೆ ಕೈ ನಡುಗಿ ಬಾಣ ಎತ್ತಲೋ ಹೋಗುತ್ತದೆ.

ಬೆಂಕಿಕಡ್ಡಿ: ಎಳೆದುಕೊಂಡೇ ಯಾಕೆ ಕಾಯುತ್ತೀರಿ? ಮೌಸ್‌ನ ಬಲಗುಂಡಿ ಒತ್ತಿ ಸಡಿಲಿಸಿ. ಮತ್ತೆ ಪೂರ್ತಿ ಎಳೆಯಲು ಒಂದೇ ಸೆಕೆಂಡ್ ಸಾಕು.

ಮೂಲೆಬಿಲ್ಲುಗಾರ: ಇಷ್ಟು ದಿನ ಆ ಬಾಣವನ್ನು ಗೋಡೆಗೆ ಬಿಟ್ಟು ವ್ಯರ್ಥ ಮಾಡುತ್ತಿದ್ದೆ.