ಪುಣೆ–ಧಾರವಾಡ ಡ್ರೈವ್ ಮಾಡಿದ್ರ ಟೊಂಕ ಹಿಡಿತೈತಿ, ಸೀಟಿಗೆ ಏನ್ ಮಾಡಿಸಬೇಕ್ರಿ?

ವಾಕಡ್_ಧಾರವಾಡ:
ನಮಸ್ಕಾರ್ರಿ ಎಲ್ಲಾರಿಗೂ. ವಾಕಡ್‌ದಾಗ ಇರ್ತೀನಿ, ಊರು ಧಾರವಾಡ ಕಡೆ. ಹಬ್ಬ ಹುಣ್ಣಿಮಿ ಬಂತಂದ್ರ ಕಾರ್ ತಗೊಂಡು ಹೋಗೂದು, 400 ಕಿಲೋಮೀಟರ್ ಮ್ಯಾಲ ಆಗ್ತೈತಿ. ಖಂಬಾಟಕಿ ಘಾಟ್ ಇಳಿಯೂತನಾ ಏನೂ ಅನಸಂಗಿಲ್ಲ, ಕರಾಡ್ ದಾಟಿದ್ರ ಟೊಂಕದಾಗ ಶುರು, ಅದರಾಗ ಆ ಸಿಕ್ಸ್ ಲೇನ್ ಕೆಲಸ, ಡೈವರ್ಶನ್, ಗುಂಡಿ, ಕೊಲ್ಹಾಪುರ ಬರೂದ್ರಾಗ ಕ್ಲಚ್ ತುಳಿಯಾಕೂ ಬ್ಯಾಸರ. ಗಾಡಿ ಹಳೇದು, ಡ್ರೈವರ್ ಸೀಟು ಕುಸಿದೈತಿ. ಆನ್‌ಲೈನ್‌ನ್ಯಾಗ ಮೆಮರಿ ಫೋಮ್ ದಿಂಬು, ಜೆಲ್ ಕುಶನ್, ಮಣಿ ಸೀಟು ಎಲ್ಲಾ ಅದಾವು, ಯಾವುದು ತಗೊಳ್ಳಿ? ಅಪ್ಪಾಜಿನೂ ಹಿಂದ ಕೂತು ಬರ್ತಾರ, ಅವರಿಗೂ ಏನರ ಹೇಳ್ರಿ.

ಕೋಥ್ರೂಡ್ ಮೈಸೂರಿಗ:
ಸದ್ಯಕ್ಕೆ ಏನೂ ತಗೋಬೇಡಿ ಸರ್, ಮೊದಲು ಸೀಟ್ ಸರಿಯಾಗಿ ಅಡ್ಜಸ್ಟ್ ಮಾಡ್ಕೊಳಿ. ಸೊಂಟ ಪೂರ್ತಿ ಹಿಂದಕ್ಕೆ ಸರಿಸಿ ಕೂತು ಕ್ಲಚ್ಚನ್ನ ತಳದವರೆಗೂ ತುಳೀರಿ, ಆಗಲೂ ಮಂಡಿ ಸ್ವಲ್ಪ ಬಾಗಿರ್ಬೇಕು, ಕಾಲು ಚಾಚಿ ಸೊಂಟ ಮುಂದೆ ಜಾರ್ತಿದ್ರೆ ಸೀಟು ದೂರ ಆಯ್ತು ಅಂತ ಅರ್ಥ. ಬೆನ್ನಿನ ಭಾಗ ಕೂರೋ ಭಾಗಕ್ಕೆ 100ರಿಂದ 110 ಡಿಗ್ರಿ ಇದ್ರೆ ಸಾಕು. ನಮ್ ಜನ ಸುಮಾರು ಜನ ಹೈವೇ ಬಂದ ತಕ್ಷಣ ಈಸಿಚೇರ್ ಥರ ಒರಗಿಸ್ಕೋತಾರೆ, ಆಗ ಭುಜ ಸೀಟಿಂದ ಎದ್ದು ಎಲ್ಲಾ ಭಾರ ಸೊಂಟಕ್ಕೆ ಬೀಳುತ್ತೆ, ಜೋರಾಗಿ ಬ್ರೇಕ್ ಹಾಕಿದ್ರೆ ಮೈ ಸೀಟ್ ಬೆಲ್ಟಿನ ಅಡಿಗೆ ಜಾರೋ ಅಪಾಯ ಬೇರೆ. ಭುಜ ಸೀಟಿಗೆ ತಾಗಿದ್ದಂಗೇ ಕೈ ಚಾಚಿದ್ರೆ ಮಣಿಕಟ್ಟು ಸ್ಟೀರಿಂಗ್ ಮೇಲ್ತುದಿ ಮೇಲೆ ಕೂರಬೇಕು, ಇದೊಂದು ಟೆಸ್ಟ್ ಮಾಡಿ ನೋಡಿ. ಹೈಟ್ ಅಡ್ಜಸ್ಟ್ ಇದ್ರೆ ಮಂಡಿ ಸೊಂಟಕ್ಕಿಂತ ಮೇಲೆ ಬರದಂಗೆ ಏರಿಸಿ. ಆಮೇಲೆ ಹಿಂದಿನ ಜೇಬಲ್ಲಿರೋ ಪರ್ಸ್ ತೆಗೆದಿಡಿ ಮಾರಾಯ್ರೆ, ಒಂದು ಕಡೆ ಎತ್ತರ ಆಗಿ ಸೊಂಟ ಓರೆ ಆಗುತ್ತೆ.

ಡೊಂಬಿವಲಿ ಲೋಕಲ್:
ಮೇಲಿನವರು ಹೇಳಿದ್ದು ಸರಿ. ಅಷ್ಟಾದ ಮೇಲೂ ಬೇಕು ಅನ್ಸಿದ್ರೆ ಮನೇಲಿರೋ ಟವೆಲ್ ಸುತ್ತಿ ಎರಡು ಕಡೆ ರಬ್ಬರ್ ಬ್ಯಾಂಡ್ ಹಾಕಿ, ಪ್ಯಾಂಟ್ ಬೆಲ್ಟಿನ ಮಟ್ಟಕ್ಕೋ ಸ್ವಲ್ಪ ಮೇಲಕ್ಕೋ ಇಟ್ಕೊಳ್ಳಿ, ಬೆನ್ನು ಒಳಗೆ ಬಾಗಿರುತ್ತಲ್ಲ ಆ ಜಾಗ ತುಂಬಿದ್ರೆ ಸಾಕು. ದಪ್ಪ ದಿಂಬು ಮಾತ್ರ ಬೇಡ, ಮೈ ಮುಂದೆ ಬಂದು ತಲೆಗೂ ಹೆಡ್‌ರೆಸ್ಟಿಗೂ ಗ್ಯಾಪ್ ಆಗುತ್ತೆ, ಹಿಂದಿಂದ ಯಾರಾದ್ರೂ ಗುದ್ದಿದ್ರೆ ಕುತ್ತಿಗೆ ಕಥೆ ಮುಗೀತು. ಮೆಮರಿ ಫೋಮ್ ಬಿಸಿಲಲ್ಲಿ ನಿಂತ ಗಾಡೀಲಿ ಮೆತ್ತಗಾಗಿ ಬೆನ್ನಿಗೆ ಆಸರೆನೇ ಕೊಡಲ್ಲ. ಮಣಿ ಸೀಟು ಬೆವರಿಗೆ ಒಳ್ಳೇದು ಅಷ್ಟೇ. ಏನೇ ಇಟ್ರೂ ಪಟ್ಟಿ ಹಾಕಿ ಕಟ್ಟಿ, ಸಡಿಲ ಕುಶನ್ ಜಾರಿ ಪೆಡಲ್ ಹತ್ರ ಬಂದ್ರೆ ತಲೆನೋವು.

ಮಡಗಾಂವ್ ಮಂದಿ:
ಸೀಟು ಕುಸಿದೈತಿ ಅಂದ್ರಲ್ಲ, ಅಸಲಿ ರೋಗ ಅದೇ ಇರ್ಬೇಕ್ರಿ. ಕೆಳಗ ತಗ್ಗು ಬಿದ್ರ ಮ್ಯಾಲ ಎಷ್ಟು ದಿಂಬು ಪೇರಿಸಿದ್ರೂ ನಡಾ ಒಳಗ ಇಳಿತೈತಿ. ಸೀಟ್ ಹೊಲಿಯೋ ಅಂಗಡ್ಯಾಗ ಕವರ್ ಬಿಚ್ಚಿಸಿ ಫೋಮ್ ಹರದೈತೋ, ಕೆಳಗಿನ ಸ್ಪ್ರಿಂಗ್ ತಂತಿ ಸಡಿಲಾಗೈತೋ ನೋಡಿಸ್ರಿ. ಫೋಮ್ ಹಾಕಸೂದಾದ್ರ 40 ಡೆನ್ಸಿಟಿದು ಕೇಳ್ರಿ, ಅಗ್ಗದ್ದು ಹಾಕಿದ್ರ ಮಳಿಗಾಲ ಮುಗಿಯೂದ್ರಾಗ ಮತ್ತ ತಗ್ಗು. ನಾವು ಬೆಳಗಾವಿಗೆ ಚೋರ್ಲಾ ಘಾಟ್ ಮ್ಯಾಲ ಹೋಗೂ ಮಂದಿ, ಆ ತಿರುವಿನ್ಯಾಗ ತೊಡಿಗೆ ಎರಡೂ ಕಡೆ ಆಸರಾ ಇಲ್ಲಂದ್ರ ಮೈ ಹೊಯ್ದಾಡಿನೇ ಟೊಂಕ ಹೋಗ್ತೈತಿ, ಅದಕ್ಕ ಬದಿನೂ ತುಂಬಸ್ರಿ. ಒಂದು ಮಾತು, ಸೀಟಿನ ಬದಿಗೆ ಏರ್‌ಬ್ಯಾಗ್ ಅಂತ ಚೀಟಿ ಇದ್ರ ಸಿಕ್ಕ ಸಿಕ್ಕ ಕವರ್ ಹಾಕಬ್ಯಾಡ್ರಿ, ಬ್ಯಾಗ್ ಹೊರಗ ಬರಾಕ ಜಾಗಾ ಇರಂಗಿಲ್ಲ.

ವಾಕಡ್_ಧಾರವಾಡ:
ಭಾಳ ಉಪಕಾರ ಆತ್ರಿ. ರವಿವಾರ ಫೋಮ್ ನೋಡಸ್ತೀನಿ. ಏರ್‌ಬ್ಯಾಗ್ ಸ್ಟೀರಿಂಗ್‌ನ್ಯಾಗ ಅಷ್ಟೇ ಐತಿ, ಅದೊಂದು ಚಿಂತಿ ಇಲ್ಲ. ಅಪ್ಪಾಜಿಗೆ?

ಡೊಂಬಿವಲಿ ಲೋಕಲ್:
ಆಗೋದಾದ್ರೆ ಅವರನ್ನ ಮುಂದಿನ ಸೀಟಲ್ಲೇ ಕೂರಿಸಿ. ಹಿಂದಿನ ಸೀಟು ಒರಗಲ್ಲ, ಹಿಂದಿನ ಚಕ್ರದ ಕುಲುಕಾಟನೂ ಅಲ್ಲೇ ಜಾಸ್ತಿ. ಅವರಿಗೂ ಅದೇ ಟವೆಲ್ ಸುರುಳಿ. ಒಂದೂವರೆ ಎರಡು ಗಂಟೆಗೊಮ್ಮೆ ನಿಲ್ಸಿ ಇಬ್ರೂ ಇಳಿದು ನಡೀರಿ, ಚಹಾಕ್ಕೆ ನಿಲ್ಸಿ ಗಾಡೀಲೇ ಕೂತು ಕುಡಿಯೋದಲ್ಲ! ಇಬ್ಬರಲ್ಲಿ ಯಾರಿಗಾದ್ರೂ ನೋವು ಕಾಲಿಗೆ ಇಳೀತಿದ್ರೆ, ಇಲ್ಲ ಪಾದ ಜೋಮು ಹಿಡೀತಿದ್ರೆ ಸೀಟಿನ ಮಾತು ಬಿಟ್ಟು ಡಾಕ್ಟರ್ ಹತ್ರ ಹೋಗಿ.